ಮೂರು ನೀರು

ಅದು ಬೆಚ್ಚಗಿರುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ. ಮಾಂಸದಂಗಡಿಯ ಬೈಲಪ್ಪ ಕುರಿಯ ಲಿವರನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿ ತಿರುಚಿ ಗಂಟು ಕಟ್ಟಿ ಚಾಚಿದಾಗ ಸಂಧ್ಯಾರಾಣಿ ಎರಡೇ ಬೆರಳಲ್ಲಿ ಹಿಡಿಯಲು ಹೋದಳು. ಭಾರಕ್ಕೆ ಅದು ಜಾರಿತು, ಅಂಗೈಯನ್ನೇ ಕೆಳಗೆ ಕೊಡಬೇಕಾಯಿತು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಕಾವು ಅಂಗೈಗೆ ಹತ್ತಿತು. ಪ್ರಯೋಗಾಲಯದಲ್ಲಿ ಅವಳು ಇಷ್ಟು ದಿನ ಕಂಡ ಲಿವರ್ ತಣ್ಣಗಿರುತ್ತಿತ್ತು. ಅದನ್ನು ಜೊತೆಗೆ ಕೆಲಸ ಮಾಡುವ ಮಾಲಾ ಐಸಿನಲ್ಲಿಟ್ಟು ತರುತ್ತಿದ್ದಳು, ಹೆಚ್ಚುತ್ತಿದ್ದಳು, ಅರೆಯುತ್ತಿದ್ದಳು. ಗಾಜಿನ ಕೊಳವೆಯಲ್ಲಿ ಅದು ಕಾಫಿ ಬಣ್ಣದ ದ್ರವವಾದ ಮೇಲೆ, ಅಂದರೆ ಅದಕ್ಕೆ ಕುರಿಯ ನೆನಪು ಪೂರ್ತಿ ಹೋದ ಮೇಲೆ, ಸಂಧ್ಯಾರಾಣಿಯ ಕೆಲಸ ಶುರುವಾಗುತ್ತಿತ್ತು. "ಏನಕ್ಕಾರೆ, ಹೊಸಬರು. ಮಾಲಕ್ಕ ಬರ್ಲಿಲ್ಲೇನು? ಸಾರಿಗೋ, ಫ್ರೈಗೋ, ಹೇಳ್ರಿ, ಕವರ್ ಬಿಚ್ಚಿ ಹಂಗೇ ಹೆಚ್ಚಿ ಕೊಡ್ತೀನಿ" ಎಂದ ಬೈಲಪ್ಪ. "ಹೆಚ್ಚಬೇಡಿ. ಕಾಲೇಜಿಗೆ" ಎಂದಳು. ಪಕ್ಕದಲ್ಲಿ ನಿಂತಿದ್ದ ಮುದುಕ ನಕ್ಕ. "ನೋಡಪ್ಪ, ಕಾಲೇಜಿನೋರಿಗೆ ವಾರ ವಾರ ಲಿವರ್ರು. ಅದಕ್ಕೇ ಹುಡುಗ್ರು ಪಾಸಾಗಲ್ಲ." ಅವಳೂ ನಗಬೇಕಿತ್ತು. ನಗುವ ಮೊದಲು ರಸ್ತೆಯ ಕಡೆ ತಿರುಗಿ ನೋಡಿದಳು, ತನ್ನೂರು ಸಂತೇಬೆನ್ನೂರಿನವರು ಯಾರಾದರೂ ಹೋಗುತ್ತಿದ್ದಾರೆಯೇ ಎಂದು. ಈ ಓಣಿಗೆ ತಿರುಗುವ ಮೊದಲೇ ಒಂದು ಕಂಬದ ಮರೆಯಲ್ಲಿ ನಿಂತು, ಕುತ್ತಿಗೆಯ ಶಿವದಾರವನ್ನು ಎಳೆದು, ಲಿಂಗದ ಕರಡಿಗೆಯನ್ನು ಎದೆಯಿಂದ ಬೆನ್ನಿಗೆ ಸರಿಸಿಕೊಂಡಿದ್ದಳು. ಈಗ ಅದು ಎರಡು ಭುಜಗಳ ನಡುವೆ ಒತ್ತುತ್ತಿತ್ತು, ಹಿಂದೆ ನಿಂತ ಯಾರೋ ಬೆರಳಿಂದ ತಿವಿದ ಹಾಗೆ.

ಬೆಳಗ್ಗೆ ಬಸ್ಸಿನಲ್ಲಿದ್ದಾಗ ಮಾಲಾ ಫೋನು ಮಾಡಿದ್ದಳು. "ಸಂಧ್ಯಾ, ನಮ್ಮವ್ವನ ಕಣ್ಣಿನ ಪಟ್ಟಿ ಬಿಚ್ಚಾಕೆ ಇವತ್ತೇ ಬರಾಕೆ ಹೇಳ್ಯಾರೆ. ನ್ಯಾಮತಿಯಿಂದ ಹೊನ್ನಾಳಿಗೆ ಕರ್ಕೊಂಡು ಹೋಗಿ ತೋರ್ಸಿ, ಅಲ್ಲಿಂದ ಚನ್ನಗಿರಿ ಬಸ್ ಹಿಡಿಯೋದ್ರೊಳಗೆ ಹೊತ್ತಾಗ್ತೈತೆ. ಲಿವರ್ ನೀನೇ ತಗೊಂಬಿಡು. ಹೆದರಬ್ಯಾಡ, ಕುರಿ ಆಗ್ಲೇ ಸತ್ತಿರ್ತೈತೆ." ಸಂಧ್ಯಾರಾಣಿ ನಕ್ಕು ಒಪ್ಪಿಕೊಂಡಿದ್ದಳು. ಒಪ್ಪದೆ ಇರಲು ಕಾರಣ ಹೇಳಬೇಕಿತ್ತು, ಆ ಕಾರಣವನ್ನು ಮಾಲಾಳ ಎದುರು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಇಬ್ಬರೂ ಒಂದೇ ವರ್ಷ ಎಂ.ಎಸ್ಸಿ ಮುಗಿಸಿದವರು, ರೇಣುಕಪ್ರಸಾದ್ ಸರ್ ಅವರ ಸಂಶೋಧನೆಗೆ ಒಂದೇ ದಿನ ಸೇರಿದವರು. ಲಿವರ್ ತರುವುದು, ಹೆಚ್ಚುವುದು, ಅರೆಯುವುದು ಮಾಲಾಳ ಕೆಲಸ ಎಂದು ಯಾರೂ ಹಂಚಿರಲಿಲ್ಲ. ಮೊದಲ ದಿನ ಮಾಲಾ "ನಾನು ತರ್ತೀನಿ ಬಿಡು" ಅಂದಿದ್ದಳು. ಎರಡನೇ ಸಲ ಸಂಧ್ಯಾರಾಣಿ ಸುಮ್ಮನಿದ್ದಳು. ಆಮೇಲೆ ಅದು ಹಾಗೇ ನಡೆದುಬಂತು. ಮನೆಯಲ್ಲಿ ಅತ್ತೆ ಅನ್ನಪೂರ್ಣಮ್ಮನಿಗೆ ತಿಳಿದಿರುವಂತೆ ಸೊಸೆ ಕಾಳು, ಸೊಪ್ಪುಗಳ ರಸ ತೆಗೆದು ಪರೀಕ್ಷೆ ಮಾಡುತ್ತಾಳೆ. ಗಂಡ ವಿನಯ್ ಕುಮಾರನಿಗೆ ನಿಜ ಗೊತ್ತು. "ಅಮ್ಮನಿಗೆ ಯಾಕೆ ಸುಮ್ಮನೆ" ಎಂದಿದ್ದ, ಅಷ್ಟೇ. ನಾಳೆ ವಿಶ್ವವಿದ್ಯಾಲಯದಿಂದ ಇಬ್ಬರು ಕೆಲಸ ನೋಡಲು ಬರುತ್ತಾರೆ. ಸಂಶೋಧನೆ ಇನ್ನೊಂದು ವರ್ಷ ಮುಂದುವರಿಯುತ್ತದೆ, ಆದರೆ ಒಬ್ಬರಿಗೆ ಮಾತ್ರ ಜಾಗ. ನಾಳೆ ಅವರ ಮುಂದೆ ಪ್ರಯೋಗ ಮಾಡಿ ತೋರಿಸುವವರೇ ಉಳಿಯುವವರು ಎಂದು ಸರ್ ಹೇಳಿರಲಿಲ್ಲ, ಆದರೆ ಇಬ್ಬರಿಗೂ ಅದು ತಿಳಿದಿತ್ತು. ಇವತ್ತಿನದು ಅದರ ತಾಲೀಮು.

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅವಳು ಬಾಗಿಲು ಮುಂದೆ ಮಾಡಿ, ಕೈಗೆ ಗ್ಲೌಸ್ ಹಾಕಿ, ಕವರನ್ನು ಕತ್ತರಿಸಿದಳು. ಅರ್ಧವನ್ನು ಐಸಿನ ಡಬ್ಬಿಯಲ್ಲಿಟ್ಟಳು, ಏನಾದರೂ ಹೆಚ್ಚು ಕಡಿಮೆಯಾದರೆ ಇರಲಿ ಎಂದು. ಇನ್ನರ್ಧವನ್ನು ಗಾಜಿನ ತಟ್ಟೆಯ ಮೇಲೆ ಹಾಕಿ ಕತ್ತರಿಯಿಂದ ಹೆಚ್ಚತೊಡಗಿದಳು. ಅದು ಕತ್ತರಿಗೆ ಎಷ್ಟು ಸುಲಭವಾಗಿ ಒಪ್ಪಿಸಿಕೊಳ್ಳುತ್ತದೆ ಎಂಬುದೇ ಅವಳಿಗೆ ಆಶ್ಚರ್ಯ. ಬದನೆಕಾಯಿ ಕೂಡ ಇಷ್ಟು ಸುಲಭವಲ್ಲ. ರಕ್ತ ತಟ್ಟೆಯ ಅಂಚಿಗೆ ಹರಿದು ನಿಂತಿತು. ವಾಸನೆ, ಮೊದಲು ಕಬ್ಬಿಣದ್ದು, ಆಮೇಲೆ ಬೇರೆ ಏನೋ. ಅವಳು ಉಸಿರು ಹಿಡಿದು, ಕಿಟಕಿಯಾಚೆ ನಿಂತಿದ್ದ ಯಾರದೋ ಬೈಕಿನ ಕನ್ನಡಿ ನೋಡುತ್ತ, ಚೂರುಗಳನ್ನು ಬೀಕರಿಗೆ ತಳ್ಳಿದಳು. ಆಮೇಲಿನದು ಅವಳಿಗೆ ಸರಿಯಾಗಿ ನೆನಪಿರಲಿಲ್ಲ. ನೆನಪಿಸಿಕೊಂಡಾಗಲೆಲ್ಲ ಅವಳ ಕಣ್ಣಿಗೆ ಬರುತ್ತಿದ್ದುದು ತನ್ನ ಕೈಗಳಲ್ಲ, ಅತ್ತೆಯ ಕೈಗಳು. ಮದುವೆಯಾದ ಹೊಸದರಲ್ಲಿ ಹಿತ್ತಿಲ ಕಲ್ಲಿನ ಹತ್ತಿರ ಕೂತು ಅನ್ನಪೂರ್ಣಮ್ಮ ಹರಿವೆ ಸೊಪ್ಪು ತೊಳೆಯುವುದನ್ನು ಕಲಿಸಿದ್ದರು. "ಮೊದಲ್ನೇ ನೀರು ಮಣ್ಣಿಗೆ, ಎರಡ್ನೇದು ಹುಳಕ್ಕೆ, ಮೂರ್ನೇದು ನಮ್ಮ ಮನಸ್ಸಿಗೆ. ಮೂರು ನೀರು ಬಿಡದೆ ಒಲೆ ಮೇಲೆ ಏನೂ ಏರಬಾರ್ದು." ಕೈ ಕೈ ಉಜ್ಜಿ, ನೀರು ಬಗ್ಗಿಸಿ, ಬೆರಳ ಸಂದಿಯಲ್ಲಿ ಸೊಪ್ಪನ್ನು ತಡೆದು. ಹಾಗೇ ಅವಳು ಭಟ್ಟಿ ಇಳಿಸಿದ ನೀರಿನ ಕ್ಯಾನಿನ ನಲ್ಲಿ ತಿರುಗಿಸಿದ್ದಳು. ಮೊದಲ ನೀರು ಕೆಂಪಾಗಿ ಹೋಯಿತು. ಎರಡನೆಯದು ನಸುಗೆಂಪು. ಮೂರನೆಯದು ತಿಳಿಯಾದಾಗ ಎದೆಯಲ್ಲಿ ಏನೋ ಹಗುರವಾಯಿತು. ಚೂರುಗಳು ಬಿಳಿಚಿಕೊಂಡು, ಸ್ವಲ್ಪ ಉಬ್ಬಿ, ನೋಡಲು ಯಾವುದೋ ತರಕಾರಿಯ ಹಾಗಿದ್ದವು.

ಸಕ್ಕರೆಯ ದ್ರಾವಣ ಹಾಕಿ, ಗಾಜಿನ ಕೊಳವೆಯಲ್ಲಿಟ್ಟು ಅರೆಯುವಾಗಲೇ ಅವಳಿಗೆ ಅರ್ಥವಾಯಿತು. ಅರೆಯುವ ಕೋಲು ಮೇಲೆ ಬರಲೊಲ್ಲದು. ದ್ರವ ಗಟ್ಟಿಯಾಗಿ, ಅಂಟಾಗಿ, ಕೋಲನ್ನು ಕೆಳಕ್ಕೆ ಎಳೆಯುತ್ತಿತ್ತು. ಜೀವಕೋಶಕ್ಕೆ ತನ್ನೊಳಗಿನಷ್ಟೇ ಸಾಂದ್ರತೆಯ ದ್ರಾವಣ ಹೊರಗೂ ಇರಬೇಕು, ಅದಕ್ಕೇ ಸಕ್ಕರೆ, ಅದಕ್ಕೇ ಐಸು. ಬರಿ ನೀರು ತಗುಲಿದರೆ ಅದು ನೀರನ್ನು ಕುಡಿದು ಕುಡಿದು ಉಬ್ಬಿ ಒಡೆಯುತ್ತದೆ. ಒಳಗಿನ ಕೋಶಕೇಂದ್ರ ಒಡೆದು ಅದರ ಡಿ.ಎನ್.ಎ ದಾರವೆಲ್ಲ ಹೊರಬಂದು ಲೋಳೆಯಾಗುತ್ತದೆ. ಇದನ್ನು ಅವಳು ಪರೀಕ್ಷೆಯಲ್ಲಿ ಬರೆದಿದ್ದಳು, ಬಿ.ಎಸ್ಸಿ ಹುಡುಗಿಯರಿಗೆ ಪಾಠ ಮಾಡಿದ್ದಳು. ಸಂಶೋಧನೆಯಲ್ಲಿ ಇವರು ಹುಡುಕುತ್ತಿದ್ದ ಪ್ರೋಟೀನು ಇರುವುದು ಕೋಶಕ್ಕೆ ಶಕ್ತಿ ಕೊಡುವ ಮೈಟೋಕಾಂಡ್ರಿಯಾದ ಒಳಗೋಡೆಗೆ ಅಂಟಿಕೊಂಡು. ಅದನ್ನು ಹಿಡಿಯಬೇಕಾದರೆ ಕೋಶದ ಒಂದೊಂದು ಅಂಗವೂ ಇಡಿಯಾಗಿ, ಬೇರೆ ಬೇರೆಯಾಗಿ ಸಿಗಬೇಕು. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಮೆಲ್ಲಗೆ ತಿರುಗಿಸಿದರೆ ಭಾರದ ಕೋಶಕೇಂದ್ರಗಳು ತಳಕ್ಕಿಳಿಯುತ್ತವೆ, ಜೋರಾಗಿ ತಿರುಗಿಸಿದರೆ ಮೈಟೋಕಾಂಡ್ರಿಯಾ. ಈಗ ಒಳಗಿನದೆಲ್ಲ ಒಂದಕ್ಕೊಂದು ಬೆರೆತುಹೋಗಿತ್ತು. ಶುದ್ಧ ಮಾಡಲು ಹೋಗಿ ಎಲ್ಲ ಗೋಡೆಗಳನ್ನೂ ತಾನೇ ಕೆಡವಿದ್ದಳು. ಆದರೂ ಅವಳು ಕೊಳವೆಗಳನ್ನು ಯಂತ್ರದಲ್ಲಿಟ್ಟು ಮುಚ್ಚಳ ಹಾಕಿದಳು. ಯಂತ್ರ ಗುಂಯ್ ಎಂದು ತಿರುಗತೊಡಗಿತು. ತಿರುಗಿ ನಿಲ್ಲುವಷ್ಟರಲ್ಲಿ ತನ್ನಿಂದ ತಾನೇ ಸರಿಹೋಗಬಹುದು ಎಂದು, ವಿಜ್ಞಾನ ಓದಿದವಳು, ಆಶಿಸಿದಳು. ಗ್ಲೌಸ್ ಕಿತ್ತೆಸೆದು ಕೈ ತೊಳೆಯಲು ಹೊರಗಿನ ಬಚ್ಚಲಿಗೆ ಹೋದಳು. ಸೋಪು ಹಾಕಿ, ಮತ್ತೆ ಹಾಕಿ.

ತಿರುಗಿ ಬಂದಾಗ ಒಳಗಿನಿಂದ ಸರ್ ಧ್ವನಿ ಕೇಳಿತು. ಅವಳು ಬಾಗಿಲ ಬಳಿಯೇ ನಿಂತಳು. ಮಾಲಾ ಬಂದಿದ್ದಳು. ಬ್ಯಾಗು ಇನ್ನೂ ಹೆಗಲಲ್ಲೇ ಇತ್ತು. ಯಂತ್ರ ನಿಂತಿದ್ದು ನೋಡಿ ಮುಚ್ಚಳ ತೆಗೆದಿದ್ದಳು. ಒಂದು ಕೊಳವೆ ಎತ್ತಿ ಬೆಳಕಿಗೆ ಹಿಡಿದಿದ್ದಳು, ಅದರೊಳಗೆ ತಳವೂ ಇಲ್ಲದ ತಿಳಿಯೂ ಇಲ್ಲದ ಒಂದು ಮುದ್ದೆ ಅಲುಗುತ್ತಿತ್ತು. "ಏನಿದು ಮಾಲಾ? ಲೋಳೆಸರ ಅರೆದಿದೀಯೇನು?" ಎಂದರು ರೇಣುಕಪ್ರಸಾದ್ ಸರ್. "ನಾನು ಈಗ್ತಾನೆ ಬಂದೆ ಸರ್." "ತಡ ಬೇರೆ ಮಾಡ್ಕೊಂಡು ಬಂದಿದೀಯ. ನಾಳೆ ಅವರ ಮುಂದೆ ಇದನ್ನ ತೋರಿಸ್ತೀಯಾ? ಅವಸರ ಮಾಡಿ ಏನೋ ಕಲಸಿಟ್ಟಿದೀಯ. ಈ ಕೆಲಸಕ್ಕೆ ಕೈ ಶುದ್ಧ ಇರಬೇಕಮ್ಮ, ಎಷ್ಟು ಸಲ ಹೇಳೋದು." ಮಾಲಾ ತಿರುಗಿದಳು, ಬಾಗಿಲಲ್ಲಿ ಸಂಧ್ಯಾರಾಣಿಯನ್ನು ಕಂಡಳು. ಆ ನೋಟದಲ್ಲಿ ದೂರಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಂಡವಳು ಚಿಲ್ಲರೆಗಾಗಿ ಕಂಡಕ್ಟರನ್ನು ನೋಡುವಂಥ ನೋಟ, ಈಗ ಕೊಡುತ್ತಾನೆ ಎನ್ನುವ ನಂಬಿಕೆಯದು. ಸಂಧ್ಯಾರಾಣಿಯ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾತು ನಾಲಿಗೆಯವರೆಗೆ ಬಂತು ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು, ಅದು ನಿಜವಲ್ಲ. ಮಾತು ಬರಲೇ ಇಲ್ಲ. ಬಂದದ್ದು ಒಂದು ಲೆಕ್ಕಾಚಾರ, ಜಾಗ ಒಂದೇ ಎಂಬುದು, ತಾನು ಏನೂ ಮಾಡದೆ ನಿಂತರೂ ಅದು ತನ್ನ ಕಡೆಗೇ ಉರುಳಿ ಬರುತ್ತಿದೆ ಎಂಬುದು. ಸರ್ ಅವಳನ್ನು ನೋಡಿ ಧ್ವನಿ ತಗ್ಗಿಸಿದರು. "ಬನ್ನಿ ಸಂಧ್ಯಾರಾಣಿ. ನಾಳೆ ನೀವೇ ನಿಂತ್ಕೊಂಡು ಮಾಡಬೇಕಾಗುತ್ತೇನೋ." ಮಾಲಾಳನ್ನು ನೀನು ಎನ್ನುವವರು ತನ್ನನ್ನು ನೀವು ಎನ್ನುತ್ತಾರೆಂಬುದು ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು. ಮಾವ ಹಾಲಸ್ವಾಮಿಯವರನ್ನು ಸರ್ ಬಲ್ಲರು, ಅದಕ್ಕಿರಬಹುದು ಎಂದು ಅಂದುಕೊಂಡಿದ್ದಳು.

ಊಟಕ್ಕೆ ಇಬ್ಬರೂ ಎಂದಿನಂತೆ ಕಿಟಕಿಯ ಹತ್ತಿರ ಕೂತರು. ಮಾಲಾ ಡಬ್ಬಿ ತೆರೆದು ಮುದ್ದೆ ಮುರಿದಳು. "ಅವ್ವಂಗೆ ಪಟ್ಟಿ ಬಿಚ್ಚಿದ್ರು. ಬಿಚ್ಚಿದ್ ಕೂಡ್ಲೇ ನನ್ ಮುಖ ನೋಡಿ ಏನಂದ್ಳು ಗೊತ್ತೇನು? ಇಷ್ಟು ಕಪ್ಪಗಿದೀಯೇನೇ, ಪೊರೆ ಇದ್ದಾಗ್ಲೇ ಚೆನ್ನಾಗಿದ್ದೆ ಅಂತ." ತಾನೇ ನಕ್ಕಳು. ಮಾಲಾಳ ತಾಯಿ ಕರಿಬಸಮ್ಮನನ್ನು ಸಂಧ್ಯಾರಾಣಿ ಒಮ್ಮೆ ನ್ಯಾಮತಿಯ ಬಸ್ ನಿಲ್ದಾಣದಲ್ಲಿ ಕಂಡಿದ್ದಳು, ಮಗಳ ಬ್ಯಾಗನ್ನು ಎದೆಗೊತ್ತಿಕೊಂಡು ನಿಂತಿದ್ದ ಸಣ್ಣ ಹೆಂಗಸು. ಚಹಾ ಕುಡಿಯೋಣ ಬಾರವ್ವ ಎಂದು ಆಕೆ ಕರೆದಾಗ ತಾನು ಏನು ನೆಪ ಹೇಳಿದ್ದೆ? ಬಸ್ಸು ಹೊರಡುತ್ತದೆ ಎಂದಿರಬೇಕು. ಬಸ್ಸು ಹೊರಟಿರಲಿಲ್ಲ. ಕಿಟಕಿಯಿಂದ ಆ ತಾಯಿ ಮಗಳು ಒಂದೇ ಲೋಟವನ್ನು ಹಂಚಿಕೊಂಡು ಕುಡಿಯುವುದು ಬಹಳ ಹೊತ್ತು ಕಾಣುತ್ತಿತ್ತು. "ಬರಿ ನೀರಲ್ಲಿ ತೊಳೆದ್ಯಾ?" ಎಂದಳು ಮಾಲಾ, ತಲೆಯೆತ್ತದೆ. ಸಂಧ್ಯಾರಾಣಿ ಹೂಂ ಎಂದಳು. "ಎಷ್ಟು ಸಲ?" "ಮೂರು." ಮಾಲಾ ಅಗಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದಳು, ನಗು ಬಂದು ತುಟಿಯಲ್ಲೇ ಒಣಗಿತು. "ನಾನಾದ್ರೆ ಒಂದ್ಸಲಾನೂ ತೊಳೆಯಲ್ಲ ಕಣೆ. ನನಗೆ ಅಸಹ್ಯ ಇಲ್ಲವಲ್ಲ." ಇನ್ನೊಂದು ತುತ್ತು ಮುರಿಯುತ್ತ, "ಇನ್ನರ್ಧ ಐತಲ್ಲ. ಉಂಡು ಎದ್ದು ನಾನು ಮಾಡಿಡ್ತೀನಿ. ಸರ್ ನೋಡಿದ್ರೆ ನೋಡ್ಲಿ, ಇಲ್ಲಾಂದ್ರೆ ಇಲ್ಲ" ಎಂದಳು. ಸರ್ ಹತ್ತಿರ ಹೋಗಿ ಹೇಳು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಸಂಧ್ಯಾರಾಣಿಗೆ ಸಿಟ್ಟಾದರೂ ಬರುತ್ತಿತ್ತು. ಅರ್ಧ ತಿಂದ ರೊಟ್ಟಿಯನ್ನು ಹಾಗೇ ಬಿಟ್ಟಳು. ಡಬ್ಬಿ ಮುಚ್ಚಿ ಎದ್ದಳು.

ಸರ್ ಕೋಣೆಯಲ್ಲಿ ಫ್ಯಾನು ಸದ್ದು ಮಾಡುತ್ತಿತ್ತು. ಅವಳು ನಿಂತೇ ಹೇಳಿದಳು, ಒಂದೊಂದೇ ಪದ ಆರಿಸಿ, ಸೆಮಿನಾರಿನಲ್ಲಿ ಓದುವ ಹಾಗೆ. ಮಾಲಾ ಬರುವ ಮೊದಲೇ ತಾನೇ ಲಿವರ್ ತಂದದ್ದು, ತಾನೇ ಹೆಚ್ಚಿದ್ದು, ಬರಿ ನೀರಿನಲ್ಲಿ ತೊಳೆದದ್ದು, ತಾನೇ ಯಂತ್ರದಲ್ಲಿಟ್ಟದ್ದು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಅವಳನ್ನು ಬಹಳ ಮೃದುವಾಗಿ ನೋಡಿದರು. "ನೀವು ಒಳ್ಳೆಯವರು. ಹಾಲಸ್ವಾಮಿಯವರ ಮನೆ ಸೊಸೆ ಅಂದ್ರೆ ಹಿಂಗೇ ಇರಬೇಕು." "ಇಲ್ಲ ಸರ್, ನಾನೇ..." "ನನಗೆ ಗೊತ್ತಾಗಲ್ವೇನ್ರೀ? ನೀವು ಬೈಲಪ್ಪನ ಅಂಗಡಿಗೆ ಹೋದ್ರಂತೆ, ಲಿವರ್ ಹಿಡ್ಕೊಂಡ್ರಂತೆ." ನಕ್ಕರು. "ನನ್ನ ಮನೇಲೂ ಹೆಣ್ಣುಮಕ್ಕಳಿದಾರಮ್ಮ. ಮೊಟ್ಟೆ ಬುಟ್ಟಿ ಕಂಡ್ರೆ ಬೀದಿ ಆ ಕಡೆಗೆ ಹೋಗ್ತಾರೆ. ಪಾಪ ಅಂತ ಅವಳ ತಪ್ಪನ್ನ ನೀವು ಹೊತ್ಕೋಬೇಡಿ. ಅವಳಿಗೂ ಅದು ಒಳ್ಳೇದಲ್ಲ, ಜವಾಬ್ದಾರಿ ಕಲಿಯಲ್ಲ." ಅವಳು ಅಲ್ಲಿಯೇ ನಿಂತಳು. ತಾನು ಹೇಳಿದ ನಿಜ ಮೇಜಿನ ಆ ಕಡೆ ತಲುಪುವಷ್ಟರಲ್ಲಿ ದೊಡ್ಡ ಗುಣವಾಗಿ ಬದಲಾಗಿತ್ತು. ಅವಳು ಇನ್ನಷ್ಟು ಹೇಳಿದರೆ ಇನ್ನಷ್ಟು ದೊಡ್ಡವಳಾಗುತ್ತಾಳೆ, ಮಾಲಾ ಇನ್ನಷ್ಟು ಸಣ್ಣವಳಾಗುತ್ತಾಳೆ. ಆಗ ಅವಳೊಳಗೆ ಒಂದು ನೆಮ್ಮದಿ ಇಣುಕಿತು, ಹೇಳುವುದನ್ನು ಹೇಳಿಯಾಯಿತು, ನಂಬದಿದ್ದರೆ ಅದು ಅವರ ಕರ್ಮ. ಆ ನೆಮ್ಮದಿಗೆ ಅವಳು ಬೆಚ್ಚಿದಳು. ಬೈಲಪ್ಪನ ಕವರಿನ ಕಾವೇ ಮತ್ತೆ ಅಂಗೈಗೆ ಬಂದ ಹಾಗಾಯಿತು. "ಸರ್, ಒಂದು ನಿಮಿಷ ಲ್ಯಾಬಿಗೆ ಬನ್ನಿ" ಎಂದಳು. ಅವರು ಬರುತ್ತಾರೋ ಇಲ್ಲವೋ ನೋಡದೆ ನಡೆದಳು.

ಮಾಲಾ ಆಗಲೇ ಐಸಿನ ಡಬ್ಬಿ ಹೊರಗಿಟ್ಟು, ಸಕ್ಕರೆ ದ್ರಾವಣ ಅಳೆಯುತ್ತಿದ್ದಳು. ಸಂಧ್ಯಾರಾಣಿ ಡಬ್ಬಿಗೆ ಕೈ ಹಾಕಿದಳು. ಗ್ಲೌಸ್ ಹಾಕಿಕೊಳ್ಳಬೇಕೆಂಬುದೇ ಮರೆತಿತ್ತು. ಲಿವರ್ ಈಗ ತಣ್ಣಗಿತ್ತು, ಬೆರಳಿಗೆ ಅಂಟಿತು. "ಏಯ್, ಏನ್ ಮಾಡ್ತೀಯೇ, ಅದು ನನಗೆ ಬೇಕು" ಎಂದಳು ಮಾಲಾ. ಸಂಧ್ಯಾರಾಣಿ ಹೆಚ್ಚಿದಳು. ಸರ್ ಬಾಗಿಲಲ್ಲಿ ನಿಂತಿದ್ದರು. ಬೀಕರಿಗೆ ಹಾಕಿ, ಕ್ಯಾನಿನ ನಲ್ಲಿ ತಿರುಗಿಸಿ, ಬೆರಳ ಸಂದಿಯಲ್ಲಿ ಚೂರುಗಳನ್ನು ತಡೆದು, ಮೊದಲ ನೀರು ಬಗ್ಗಿಸಿದಳು. ಎರಡನೆಯದು. "ನಮ್ಮ ಜಗಳೂರು ಕಡೆ ಇಷ್ಟು ನೀರು ಚೆಲ್ಲಿದ್ರೆ ಮನೆಯಿಂದ ಓಡಿಸ್ತಿದ್ರು" ಎಂದರು ಸರ್, ನಗೆಯಾಡಲು. ಯಾರೂ ನಗಲಿಲ್ಲ. ಮೂರನೆಯದನ್ನು ಬಗ್ಗಿಸುವಾಗ ಸಂಧ್ಯಾರಾಣಿಯ ಬೆನ್ನಿನ ಕರಡಿಗೆ ಜಾರಿ, ಹೆಗಲು ಬಳಸಿ ಮುಂದಕ್ಕೆ ಬಂದು ಬೀಕರಿನ ಮೇಲೆ ತೂಗಾಡಿತು. ಎರಡೂ ಕೈ ರಕ್ತವಾಗಿದ್ದವು, ಅದನ್ನು ಮುಟ್ಟಿ ಸರಿಸುವಂತಿರಲಿಲ್ಲ. ಸರ್ ಅದನ್ನು ನೋಡಿದರು. ಅವಳು ದ್ರಾವಣ ಹಾಕಿ ಅರೆದಳು. ಆಮೇಲೆ ಗಾಜಿನ ಕಡ್ಡಿಯನ್ನು ಅದ್ದಿ ಮೆಲ್ಲಗೆ ಮೇಲೆತ್ತಿದಳು. ಕಡ್ಡಿಯ ತುದಿಯಿಂದ ಒಂದು ಎಳೆ ಎದ್ದಿತು, ತೆಳ್ಳಗೆ, ಹೊಳೆಯುತ್ತ. ಅವಳು ಕೈ ಮೇಲೆತ್ತಿದಷ್ಟೂ ಅದು ಉದ್ದವಾಯಿತು, ಕಡಿಯಲಿಲ್ಲ. "ಬೆಳಗ್ಗೆಯೂ ಹೀಗೇ ಆಯಿತು ಸರ್. ಈ ಕೈಯಿಂದ."

ರೇಣುಕಪ್ರಸಾದ್ ಸರ್ ಆ ಎಳೆಯನ್ನು ಬಹಳ ಹೊತ್ತು ನೋಡಿದರು. ಏನನ್ನೂ ಮುಟ್ಟಿರಲಿಲ್ಲ, ಆದರೂ ಸಿಂಕಿನ ಬಳಿ ಹೋಗಿ ಕೈ ತೊಳೆದುಕೊಂಡರು. ಕರವಸ್ತ್ರದಲ್ಲಿ ಒರೆಸಿಕೊಳ್ಳುತ್ತ, ಮಾಲಾಳ ಕಡೆ ಪೂರ್ತಿ ತಿರುಗದೆ, "ನಾಳೆ ಅವರ ಮುಂದೆ ನೀನೇ ಮಾಡು ಮಾಲಾ" ಎಂದರು. ಸಂಧ್ಯಾರಾಣಿಗೆ, "ನೀನು ಪಕ್ಕದಲ್ಲಿ ನಿಂತ್ಕೊಂಡು ನೋಡು. ತೊಳೆಯಾಕೆ ಹೋಗಬೇಡ." ಅವರು ಹೋದ ಮೇಲೆ ಮಾಲಾ ಏನಾದರೂ ಹೇಳುತ್ತಾಳೆ ಎಂದು ಅವಳು ಕಾದಳು, ತಾನು ಕಾಯುತ್ತಿರುವುದು ಮೆಚ್ಚುಗೆಯ ಮಾತಿಗೆ ಎಂದು ಗೊತ್ತಾಗಿ ಮುಖ ಬಿಸಿಯಾಯಿತು. ಮಾಲಾ ಖಾಲಿ ಡಬ್ಬಿಯನ್ನು ಬಗ್ಗಿಸಿ ಕರಗಿದ ಐಸು ಚೆಲ್ಲಿದಳು. "ಇದ್ದಿದ್ ಲಿವರನ್ನೂ ನಿನ್ ಹರಿಶ್ಚಂದ್ರ ಆಟಕ್ಕೆ ಹಾಳು ಮಾಡ್ದಿ. ಇವತ್ತು ತಾಲೀಮೇ ಇಲ್ದಂಗಾತು ನನಗೆ. ನಾಳೆ ಬೆಳಿಗ್ಗೆ ನೀನೇ ತಗೊಂಡ್ ಬಾ. ನನ್ ಬಸ್ ತಡ" ಎಂದಳು. "ಹೂಂ" ಎಂದಳು ಸಂಧ್ಯಾರಾಣಿ. "ಬೇಗ ಹೋಗು. ಬೈಲಪ್ಪ ಹೊತ್ತೇರಿದ್ರೆ ನಿನ್ನೆಯದು ಕೊಡ್ತಾನೆ. ಬೆಚ್ಚಗಿದ್ರೆ ಮಾತ್ರ ತಗೋ."

ಸಂಜೆ ಮನೆ ಮುಟ್ಟಿದಾಗ ಅನ್ನಪೂರ್ಣಮ್ಮ ಹಿತ್ತಿಲ ಕಲ್ಲಿನ ಹತ್ತಿರ ಕೂತು ಹರಿವೆ ಸೊಪ್ಪನ್ನು ಬೇಸಿನ್ನಿಗೆ ಹಾಕುತ್ತಿದ್ದರು. ಅವಳು ದಿನವೂ ಮೊದಲು ಬಚ್ಚಲಿಗೆ ಹೋಗುವವಳು, ಇವತ್ತು ಬ್ಯಾಗನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕೂತಳು. ಕರಡಿಗೆ ಎದೆಯ ಮೇಲಿತ್ತು. ಅತ್ತೆ ನೀರು ಬಗ್ಗಿಸಿ, ಚೊಂಬಿನಿಂದ ಮತ್ತೆ ಸುರಿದು, ಬೆರಳಾಡಿಸುತ್ತ, "ಯಾಕೆ, ಸುಸ್ತಾಗೈತೇನು?" ಎಂದರು. "ಇಲ್ಲ ಅತ್ತೆ. ನಾಳೆ ಬೇಗ ಹೋಗಬೇಕು. ಚನ್ನಗಿರಿಯಲ್ಲಿ ಕುರಿ ಕೊಯ್ಯುವ ಅಂಗಡಿಗೆ ಹೋಗಿ ಲಿವರ್ ತರಬೇಕು. ನಾವು ಕೆಲಸ ಮಾಡೋದು ಅದರಲ್ಲೇ. ಸೊಪ್ಪಿನಲ್ಲಲ್ಲ." ಅನ್ನಪೂರ್ಣಮ್ಮನ ಕೈ ನೀರಿನೊಳಗೆ ನಿಂತಿತು. ಎಲೆಗಳು ಮೇಲಕ್ಕೆ ತೇಲಿ ಬಂದು ಅವರ ಮಣಿಕಟ್ಟಿಗೆ ಅಂಟಿಕೊಂಡವು. ಪಕ್ಕದ ಮನೆಯ ಟಿವಿಯಲ್ಲಿ ಯಾರೋ ಜೋರಾಗಿ ಅಳುತ್ತಿದ್ದರು. ಅತ್ತೆ ಸೊಸೆಯ ಮುಖ ನೋಡಲಿಲ್ಲ, ಅವಳ ಕೈ ನೋಡಿದರು, ಉಗುರಿನ ಸಂದಿಯಲ್ಲಿ ಉಳಿದಿದ್ದ ಕಂದು ಗೆರೆಯನ್ನು. ಆಮೇಲೆ ಬೇಸಿನ್ನಿನ ನೀರನ್ನು ನೋಡಿದರು, ಅದನ್ನು ಯಾರೋ ಬೇರೆಯವರು ತುಂಬಿಟ್ಟು ಹೋಗಿದ್ದ ಹಾಗೆ.

"ಇದು ಎಷ್ಟನೇ ನೀರೇ?" ಎಂದರು.

ಸಂಧ್ಯಾರಾಣಿಗೂ ಗೊತ್ತಿರಲಿಲ್ಲ.